ಸೈಟೇಶನ್‌ಗೆ 100, ಒಟ್ಟು ಸ್ಥಾನ 186: ಯಾಕೆ?

ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್‌ನ 2022ರ ಪಟ್ಟಿಯಲ್ಲಿ ಬೆಂಗಳೂರಿನ ಐಐಎಸ್‌ಸಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಸೈಟೇಶನ್‌ನಲ್ಲಿ, ಅಂದರೆ ಸಂಶೋಧನಾ ಪ್ರಬಂಧಗಳನ್ನು ಬೇರೆಯವರು ಉಲ್ಲೇಖಿಸುವುದರಲ್ಲಿ, 100ಕ್ಕೆ 100 ಬಂತು, ಆದರೂ ಒಟ್ಟು ಸ್ಥಾನ 186, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ಎರಡನ್ನೂ ನಂಬಬಹುದು.

ಆ 100 ತಲಾ ಲೆಕ್ಕ. ಐದು ವರ್ಷದಲ್ಲಿ ಬಂದ ಪ್ರಬಂಧಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಸ್ಕೋಪಸ್ ಎಂಬ ಸಂಶೋಧನಾ ಪ್ರಬಂಧಗಳ ದತ್ತಸಂಗ್ರಹದಿಂದ ಎಣಿಸಿ, ತಮ್ಮದನ್ನೇ ತಾವು ಉಲ್ಲೇಖಿಸಿದ್ದನ್ನು ಕಳೆದು, ಅಧ್ಯಾಪಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಕಡಿಮೆ ಅಧ್ಯಾಪಕರು, ಜಾಸ್ತಿ ಸಂಶೋಧನೆ ಇರುವ ಐಐಎಸ್‌ಸಿ ಅಲ್ಲಿ ಮೇಲೆ ಬರೋದು ಸಹಜ. ಆದರೆ ಒಟ್ಟು ಅಂಕದಲ್ಲಿ ಅದರ ಪಾಲು ಆಗ ಬರೀ 20%. ಪ್ರಾಧ್ಯಾಪಕರ ಸಮೀಕ್ಷೆಯಲ್ಲಿ ಸಿಗುವ ಹೆಸರಿಗೇ 40% ಇತ್ತು! ವಿದೇಶಿ ಅಧ್ಯಾಪಕರು, ವಿದೇಶಿ ವಿದ್ಯಾರ್ಥಿಗಳಿಗೆ ತಲಾ 5%. ಐಐಎಸ್‌ಸಿಗೆ ಪೆಟ್ಟು ಬಿದ್ದದ್ದು ಅಲ್ಲೇ.

ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರ. ಹಳ್ಳಿ ಹಳ್ಳಿ ಸುತ್ತಿ, ಸವೆದ ಶಾಸನದ ಮೇಲೆ ಹಿಟ್ಟು ಸವರಿ ಒಂದೊಂದೇ ಅಕ್ಷರ ಓದಿ, ಕನ್ನಡ ಪತ್ರಿಕೆಯಲ್ಲಿ ಬರೆದವರ ಕೆಲಸ ಸ್ಕೋಪಸ್‌ಗೆ ಬಹುಪಾಲು ಕಾಣೋದೇ ಇಲ್ಲ. ಗಣಿತದ ಪ್ರಬಂಧಕ್ಕೂ ಉಲ್ಲೇಖ ನಿಧಾನ, ವೈದ್ಯಕೀಯಕ್ಕೆ ಬೇಗ. ಕ್ಯೂಎಸ್ ವಿಷಯವಾರು ಸರಿದೂಗಿಸುತ್ತೆ ನಿಜ, ಆದರೆ ಎಣಿಕೆಗೇ ಬಾರದ್ದನ್ನು ಸರಿದೂಗಿಸೋದು ಹೇಗೆ?

ಮಗಳ ಪಿಎಚ್‌ಡಿಗೆ ಅಂತ ಕೇಳಿದ್ದೀರಲ್ವಾ, ಸುಮ್ನೆ ರ‍್ಯಾಂಕ್ ನೋಡಬೇಡಿ. ಗೈಡ್ ಆಗುವವರ ಕಳೆದ ಮೂರು ವರ್ಷದ ಪ್ರಬಂಧ ತೆಗೆಯಿರಿ. ಮೊದಲ ಹೆಸರು ವಿದ್ಯಾರ್ಥಿಗಳದ್ದಾ, ಅದನ್ನು ಉಲ್ಲೇಖಿಸಿದವರು ಹೊರಗಿನವರಾ ನೋಡಿ. ಆಮೇಲೆ ಅಲ್ಲೇ ಓದುತ್ತಿರುವ ಒಬ್ಬರ ಹತ್ತಿರ ಮಾತಾಡಿ.