ಗಾಡಿ ಮನೆಗೆ ಬಂದರೆ ಡ್ರಂಕ್ ಅಂಡ್ ಡ್ರೈವ್ ಕೇಸು ಮುಗಿಯಿತೆಂದು ತಿಳಿಯಬೇಡಿ

ಮೆಹಂದಿ ಮುಗಿಸಿ ಬರುವಾಗ ಮಂಗಳೂರಿನ ನಂತೂರಲ್ಲಿ ಪೊಲೀಸರು ಮದ್ಯ ಅಳೆಯುವ ಯಂತ್ರಕ್ಕೆ ಊದಿಸಿದರು, 72 ಬಂತು (ಮಿತಿ 30), ಸ್ಕೂಟರ್ ಸ್ಟೇಷನ್ನಿನಲ್ಲಿದೆ, ಬರುವ ತಿಂಗಳು ದುಬೈ ಟಿಕೆಟ್ ಇದೆ, ಕೋರ್ಟಿಗೆ ಹೋಗದೆ ಮುಗಿಸಬಹುದೇ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೇ ನಡೆದದ್ದನ್ನು ನೀವು ಬರೆದ ಹಾಗಿದೆ. ನಾನು ಮಂಗಳೂರಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ನನ್ನ ದೊಡ್ಡಮ್ಮನ ಮಗನೂ ಮೆಹಂದಿಯಿಂದ ಬರುವಾಗಲೇ ಸಿಕ್ಕಿಬಿದ್ದದ್ದು. ಅವನ ಕೈಯಲ್ಲೂ ಗಲ್ಫ್ ವೀಸಾ ಇತ್ತು.

ಸ್ಕೂಟರಿನ ಆರ್‌ಸಿ ದೊಡ್ಡಪ್ಪನ ಹೆಸರಿನಲ್ಲಿತ್ತು. ಅವರು ಯಾರನ್ನೋ ಹಿಡಿದು ಕೋರ್ಟಿಗೆ ಅರ್ಜಿ ಹಾಕಿಸಿದರು. ಬಾಂಡ್ ಬರೆದುಕೊಟ್ಟ ಮೇಲೆ ಗಾಡಿ ರಿಲೀಸ್ ಆಯಿತು. ಸ್ಕೂಟರ್ ಅಂಗಳಕ್ಕೆ ಬಂದು ನಿಂತದ್ದೇ ತಡ, ಕೇಸು ಮುಗಿಯಿತೆಂದು ಎಲ್ಲರೂ ನಿರಾಳವಾದರು. ಹುಡುಗ ವಿಮಾನ ಹತ್ತಿದ.

ಆ ಕುಟುಂಬಕ್ಕೆ ದುಬಾರಿಯಾದ ತಪ್ಪು ಇದೊಂದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗಾಡಿಯ ವಿಚಾರವೇ ಬೇರೆ, ಆರೋಪಿಯ ವಿಚಾರವೇ ಬೇರೆ. ಗಾಡಿ ಬಿಡಿಸುವ ಅರ್ಜಿ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 451 ಅಥವಾ 457ನೇ ಸೆಕ್ಷನ್ನಿನಡಿ ಹೋಗುತ್ತಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರಡಿ ಹೋಗುತ್ತದೆ. ಅದರಲ್ಲಿ ಕೋರ್ಟು ಹೇಳುವುದು ಇಷ್ಟೇ: ಗಾಡಿ ಸ್ಟೇಷನ್ನಿನ ಮಳೆಯಲ್ಲಿ ತುಕ್ಕು ಹಿಡಿಯುವುದು ಬೇಡ, ಮಾಲೀಕರು ಇಟ್ಟುಕೊಳ್ಳಲಿ, ಕೇಳಿದಾಗ ತಂದು ಹಾಜರುಪಡಿಸಲಿ. ಕುಡಿದು ಓಡಿಸಿದವನ ಬಗ್ಗೆ ಆ ಆದೇಶದಲ್ಲಿ ಒಂದಕ್ಷರವೂ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಕೇಸು ಅದರ ಪಾಡಿಗೆ ನಡೆಯುತ್ತದೆ. ಸಮನ್ಸ್ ಮನೆಗೆ ಬರುತ್ತದೆ, ಆರೋಪಿ ಊರಲ್ಲಿಲ್ಲ. ಆಮೇಲೆ ಜಾಮೀನು ವಾರಂಟ್. ಅದಕ್ಕೂ ಹಾಜರಾಗದಿದ್ದರೆ ಜಾಮೀನುರಹಿತ ವಾರಂಟ್. ಕೊನೆಗೆ ಕಡತ ಎಲ್‌ಪಿಸಿ, ಅಂದರೆ ಬಹುಕಾಲದಿಂದ ಬಾಕಿ ಇರುವ ಕೇಸುಗಳ ಸಾಲಿಗೆ ಸೇರುತ್ತದೆ. ಮುಚ್ಚುವುದಿಲ್ಲ, ಕಾಯುತ್ತಾ ಕೂರುತ್ತದೆ.

ಅವನ ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಾಗ ಊರಿನ ಪೊಲೀಸ್ ವರದಿಯಲ್ಲಿ ಕೇಸು, ವಾರಂಟ್ ಎರಡೂ ಕಾಣಿಸಿಕೊಂಡವು. ಭಾರತದ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿ ತಂದರೆ ಸಿಗುತ್ತದೆ, ಆದರೆ ಎಷ್ಟು ಅವಧಿಗೆ ಎಂದು ಆದೇಶದಲ್ಲಿ ಇಲ್ಲದಿದ್ದರೆ ಒಂದೇ ವರ್ಷಕ್ಕೆ. ಅವನು ರಜೆ ಹಾಕಿ ಬಂದು, ಕೋರ್ಟಿಗೆ ಶರಣಾಗಿ, ವಾರಂಟ್ ರದ್ದುಪಡಿಸಿಕೊಂಡು, ತಪ್ಪೊಪ್ಪಿಗೆ ಕೊಟ್ಟು ದಂಡ ಕಟ್ಟಿದ. ಮೊದಲೇ ಮಾಡಿದ್ದರೆ ಒಂದೆರಡು ಹಾಜರಿಯಲ್ಲಿ ಆಗುತ್ತಿದ್ದ ಕೆಲಸ.

ಆದ್ದರಿಂದ ಕೋರ್ಟಿಗೆ ಹೋಗದೆ ಮುಗಿಸುವ ದಾರಿ ಹುಡುಕುವುದನ್ನೇ ಬಿಡಿ, ಅಂಥದ್ದೊಂದು ಇಲ್ಲ. ಹೆಲ್ಮೆಟ್ ದಂಡದ ಹಾಗೆ 185ನ್ನು ರಸ್ತೆಯಲ್ಲೇ ರಾಜಿ ಮಾಡಿ ಮುಗಿಸುವ ಅಧಿಕಾರ ಪೊಲೀಸರಿಗಿಲ್ಲ, ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಅದು ಸೇರಿಲ್ಲ. "ನನಗೆ ಜನ ಗೊತ್ತುಂಟು, ಕೊಟ್ಟು ಮುಗಿಸುವ" ಎನ್ನುವವರು ನಿಮಗೆ ಕೋರ್ಟಿನ ರಸೀದಿ ತಂದುಕೊಡುವುದಿಲ್ಲ.

ಮೊದಲ ಸಲಕ್ಕೆ ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲ ಎರಡು ವರ್ಷದವರೆಗೆ ಜೈಲು, ಅಥವಾ 15,000 ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ರಿಂದ ಈ ದರ. ಜನ ಮರೆಯುವುದು ಲೈಸೆನ್ಸನ್ನು. ಮೋಟಾರು ವಾಹನ ಕಾಯ್ದೆಯದ್ದೇ 20ನೇ ಸೆಕ್ಷನ್ ಪ್ರಕಾರ 185ರಲ್ಲಿ ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಲೈಸೆನ್ಸ್ ಅನರ್ಹ. ಆ ಅವಧಿಯಲ್ಲಿ ಗಾಡಿ ಮುಟ್ಟಿದರೆ 182ರಡಿ ಹೊಸ ಕೇಸು. ದಂಡ ಕಟ್ಟಿ ಮುಗಿದ ಕೇಸು ಮಾತ್ರ 6(2)(ಎಫ್) ಅಡಿ ಪಾಸ್‌ಪೋರ್ಟಿಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಬಾಕಿ ಉಳಿದ ಕೇಸು.

ವಾದ ಮಾಡಿ ಗೆಲ್ಲುವ ಕೇಸುಗಳೂ ಇವೆ. ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ರೀಡಿಂಗ್ 33, 35 ಬಂದು, ಯಂತ್ರದ ಕ್ಯಾಲಿಬ್ರೇಶನ್ (ಸರಿಯಾಗಿ ಅಳೆಯುತ್ತದೆಯೇ ಎಂಬ ತಪಾಸಣೆ) ಅವಧಿ ಮೀರಿದ್ದರೆ, ಹೊಸ ಮೌತ್‌ಪೀಸ್ ಹಾಕದಿದ್ದರೆ, ಬಾಯಿಯಲ್ಲಿ ಮದ್ಯ ಇರುವಾಗಲೇ ಊದಿಸಿದ್ದರೆ (15 ನಿಮಿಷ ಬಿಡಬೇಕು) ವಾದಕ್ಕೆ ಜಾಗ ಇರುತ್ತದೆ. ಅಂಥವರು ಅಲ್ಲೇ ಇನ್ನೊಮ್ಮೆ ಊದಿಸಲು, ರಕ್ತಪರೀಕ್ಷೆ ಮಾಡಿಸಲು ಕೇಳಬೇಕು. ರಕ್ತ ತೆಗೆಯುವ ಮುಂಚೆ ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಬಾರದು, ಸ್ಯಾಂಪಲ್ಲಿಗೆ, ಅದು ಕೆಡದಂತೆ ತಡೆಯುವ ಸೋಡಿಯಂ ಫ್ಲೋರೈಡ್ ಇರುವ ಬಾಟಲಿಯೇ ಆಗಬೇಕು. ಇಲ್ಲದಿದ್ದರೆ ವರದಿಯನ್ನು ನಂಬುವ ಹಾಗಿಲ್ಲ. ಊದಲು ಒಪ್ಪದೆ ಹಟ ಹಿಡಿದರೆ ಲಾಭವಿಲ್ಲ. 205ನೇ ಸೆಕ್ಷನ್ ಪ್ರಕಾರ ಆ ನಿರಾಕರಣೆಯೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ, ವಾರಂಟ್ ಇಲ್ಲದೆ ಬಂಧಿಸಲೂ ಬಹುದು.

ನಿಮ್ಮ 72ಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. "ಎರಡೇ ಬಿಯರ್" ಎಂದು ಬರೆದಿದ್ದೀರಿ. ಶೇ. 7ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 36 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆ.ಜಿ. ಗಂಡಸಿಗೆ ಒಂದೊಂದು ಬಾಟಲಿಗೂ 75ರ ಆಸುಪಾಸು ಏರುತ್ತದೆ, ಗಂಟೆಗೆ ಸರಾಸರಿ 15 ಇಳಿಯುತ್ತದೆ. ರಾತ್ರಿ ಎಂಟಕ್ಕೆ ಶುರುಮಾಡಿ ಒಂದಕ್ಕೆ ಊದಿದರೆ 72 ಬರುವುದು ಸಹಜ, ಯಂತ್ರದ ದೋಷವಲ್ಲ. ಮಜ್ಜಿಗೆ, ಲಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಮಧ್ಯರಾತ್ರಿ ಒಂದು ಕ್ವಾರ್ಟರ್ ಮುಗಿಸಿ, ಬೆಳಿಗ್ಗೆ ಆರಕ್ಕೆ ಎದ್ದು ಶಿರಾಡಿ ಘಾಟಿ ಹತ್ತುವವರ ರಕ್ತದಲ್ಲಿ ಇನ್ನೂ 30 ದಾಟಿರಬಹುದು. ನಿದ್ದೆ ಮಾಡಿ ಎದ್ದ ಧೈರ್ಯದಲ್ಲಿ ಹೊರಡುವ ಇವರ ಬಗ್ಗೆಯೇ ನನಗೆ ಹೆಚ್ಚು ಭಯ. ಅಪಘಾತದಲ್ಲಿ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ರ ನಿರ್ಲಕ್ಷ್ಯದ ಸಾವಿಗೇ ನಿಲ್ಲಬೇಕೆಂದಿಲ್ಲ, 105, ಅಂದರೆ ಕೊಲೆಯಲ್ಲದ ನರಹತ್ಯೆಯನ್ನೂ ಹಾಕಬಹುದು. ಸ್ವಂತ ಗಾಡಿಯ ರಿಪೇರಿಗೆ ವಿಮೆ ಸಿಗುವುದಿಲ್ಲ, ರಕ್ತಪರೀಕ್ಷೆ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿದದ್ದನ್ನು ವಿಮಾ ಕಂಪನಿ ಸಾಬೀತು ಮಾಡಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಗೊತ್ತಿದ್ದೂ ಕುಡಿದವನ ಕೈಗೆ ಕೀ ಕೊಟ್ಟವರ ಮೇಲೂ ಮೋಟಾರು ವಾಹನ ಕಾಯ್ದೆಯ 188ರಡಿ ಪ್ರಚೋದನೆಯ ಕೇಸು ಬೀಳಬಹುದು.

ಈಗ ನಿಮ್ಮ ಕೆಲಸ. ನಾಳೆಯೇ ಟ್ರಾಫಿಕ್ ಸ್ಟೇಷನ್ನಿಗೆ ಹೋಗಿ ಕೇಸು ಯಾವ ಕೋರ್ಟಿಗೆ ಹೋಗಿದೆ, ನಂಬರ್ ಏನು ಎಂದು ಬರೆದುಕೊಳ್ಳಿ. ಹಾಜರಿಯ ದಿನ ಟಿಕೆಟ್ಟಿನ ಆಚೆಗೆ ಬಿದ್ದಿದ್ದರೆ, ಟಿಕೆಟ್ ಪ್ರತಿ ಲಗತ್ತಿಸಿ ಕೇಸನ್ನು ಮುಂಚಿತವಾಗಿ ತೆಗೆದುಕೊಳ್ಳುವಂತೆ ವಕೀಲರಿಂದ ಅರ್ಜಿ ಹಾಕಿಸಿ. ಆಧಾರ್, ಲೈಸೆನ್ಸ್, ಆರ್‌ಸಿ, ವಿಮೆಯ ಅಸಲು ಕೈಯಲ್ಲಿರಲಿ. ತೀರ್ಪಾದ ಕೂಡಲೇ ದಂಡದ ರಸೀದಿ, ಆದೇಶದ ದೃಢೀಕೃತ ನಕಲು ಎರಡನ್ನೂ ಪಡೆಯಿರಿ. ವಿಮಾನ ಹತ್ತುವ ಮುಂಚೆ ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿ, ಕೇಸು ಇತ್ಯರ್ಥವಾಗಿದೆ ಎಂದು ಬಂದಿದೆಯೇ ನೋಡಿ. ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ಊರಲ್ಲಿರುವಾಗಲೇ ಕೋರ್ಟಿನ ಕಚೇರಿಯಲ್ಲಿ ವಿಚಾರಿಸಿ.