ಓದುಗರ ಪ್ರಶ್ನೆ: ಮಲಗೆದ್ದರೆ ಎಲ್ಲ ಶಕ್ತಿಯೂ ವಾಪಸ್, ಇದಕ್ಕೇನು ಮದ್ದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಬಗ್ಗೆ. ಪಾತ್ರಗಳ ಶಕ್ತಿಗೆ ಮನೆನಿಯಮದ (ಗುಂಪು ತಾನೇ ಮಾಡಿಕೊಂಡ ನಿಯಮದ) ಕಡಿವಾಣ ಹಾಕುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಲೆಕ್ಕವೆಲ್ಲ 2014ರ ನಿಯಮಪುಸ್ತಕದ್ದು. 2024ರ ಪರಿಷ್ಕರಣೆಯ ಮಾತು ಬೇಕಾದ ಕಡೆ ಬರುತ್ತದೆ. ಮನೆನಿಯಮ ಎಂದರೆ ಮೂಗು ಮುರಿಯುವವರಿಗೆ ಒಂದೇ ಪ್ರಶ್ನೆ: ಚೌಕಾಬಾರವನ್ನು ಎರಡು ಮನೆಗಳಲ್ಲಿ ಒಂದೇ ಥರ ಆಡಿದ್ದನ್ನು ಎಲ್ಲಾದರೂ ನೋಡಿದ್ದೀರಾ?

ಪ್ರಶ್ನೆ: ನಮ್ಮ ವಿಜರ್ಡ್ (ಮಂತ್ರವಾದಿ) ಮೊದಲ ಕಾಳಗದಲ್ಲೇ ಇರೋಬರೋ ಸ್ಪೆಲ್ (ಮಂತ್ರ) ಎಲ್ಲ ಸುರಿದು "ಇನ್ನು ಮಲಗೋಣ" ಅಂತಾನೆ. ಫೈಟರ್ (ಯೋಧ), ವಾರ್ಲಾಕ್ (ಇನ್ನೊಂದು ಬಗೆಯ ಮಂತ್ರವಾದಿ) ಆಡುವವರು ಬರೀ ಪ್ರೇಕ್ಷಕರು. ಅವನ ಸ್ಪೆಲ್ ಕಡಿಮೆ ಮಾಡಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಸ್ಪೆಲ್ ಕಡಿಮೆ ಮಾಡಬೇಡಿ, ನಿದ್ದೆ ಕಡಿಮೆ ಮಾಡಿ.

5ನೇ ಲೆವೆಲ್ಲಿನ (ಪಾತ್ರ ಪಳಗಿದ ಮಟ್ಟದ) ಲೆಕ್ಕ ನೋಡಿ. ವಿಜರ್ಡ್‌ಗೆ ಮೊದಲ ಹಂತದ 4, ಎರಡನೇ ಹಂತದ 3, ಮೂರನೇ ಹಂತದ 2, ಒಟ್ಟು 9 ಸ್ಲಾಟ್; ಒಂದು ಸ್ಲಾಟ್ ಅಂದರೆ ಒಂದು ಸ್ಪೆಲ್ ಹಾಕುವ ಖರ್ಚು. ಇವು ಪೂರ್ತಿ ತುಂಬುವುದು 8 ಗಂಟೆಯ ಲಾಂಗ್ ರೆಸ್ಟ್‌ನಲ್ಲಿ. ವಾರ್ಲಾಕ್‌ಗೆ ಇರುವುದೇ 2 ಸ್ಲಾಟ್, ಆದರೆ ಒಂದು ಗಂಟೆಯ ಶಾರ್ಟ್ ರೆಸ್ಟ್ ಆದರೆ ಸಾಕು, ಎರಡೂ ಮರಳುತ್ತವೆ. ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯುವುದು), ಸೆಕೆಂಡ್ ವಿಂಡ್ (ತಾನೇ ಚೇತರಿಸಿಕೊಳ್ಳುವುದು) ಕೂಡ ಹಾಗೆಯೇ. ದಿನಕ್ಕೆ ಒಂದೇ ಕಾಳಗ ಆದರೆ 9ಕ್ಕೆ ಎದುರು 2. ನಡುವೆ ಎರಡು ಶಾರ್ಟ್ ರೆಸ್ಟ್ ಬಂದರೆ, ಆಗ ವಿಜರ್ಡ್ ಮರಳಿ ಪಡೆಯುವ ಕೆಲವನ್ನು ಬಿಟ್ಟು, 9ಕ್ಕೆ ಎದುರು 6, ಅದೂ ಎಲ್ಲ ಮೂರನೇ ಹಂತದವು. ಡಿಎಂ (ಆಟ ನಡೆಸುವವರ) ಪುಸ್ತಕದ ಅಂದಾಜಿನಲ್ಲಿ ಒಂದು ಗುಂಪು ದಿನಕ್ಕೆ ಆರರಿಂದ ಎಂಟು ಮುಖಾಮುಖಿ ನಿಭಾಯಿಸಬಲ್ಲದು. ನೀವು ಒಂದಕ್ಕೇ ದಿನ ಮುಗಿಸಿದರೆ ತಕ್ಕಡಿ ವಾಲದೆ ಇನ್ನೇನಾಗುತ್ತದೆ?

ಅದೇ ಪುಸ್ತಕದಲ್ಲಿ ಒಂದು ಕಟ್ಟುನಿಟ್ಟಿನ ಪರ್ಯಾಯವೂ ಇದೆ: ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಕಾಡು, ಊರು, ರಾಜಕೀಯದ ಕಥೆಗಳಿಗೆ ಇದು ಚೆನ್ನ. ಗುಹೆಯೊಳಗಿನ ಕಥೆಗೆ ಆಗುವುದಿಲ್ಲ, ಶತ್ರುಗಳ ನಡುವೆ 8 ಗಂಟೆ ಕೂರುವವರು ಯಾರು? ಇನ್ನೊಂದು ಎಡವಟ್ಟು ಅವಧಿಯದ್ದು. ಮೇಜ್ ಆರ್ಮರ್ (ಮಂತ್ರದ ಕವಚ) ಇರುವುದು 8 ಗಂಟೆ. ದಿನಕ್ಕೊಂದರಂತೆ ಹಾಕಿದರೆ ವಾರಕ್ಕೆ ಏಳು ಸ್ಲಾಟ್ ಇದೊಂದಕ್ಕೇ ಖರ್ಚು. ಈ ಪರ್ಯಾಯ ಬಳಸುವುದಾದರೆ 8 ಗಂಟೆಯ ಸ್ಪೆಲ್‌ಗಳು ಮುಂದಿನ ಲಾಂಗ್ ರೆಸ್ಟ್ ತನಕ ಉಳಿಯಲಿ, 1 ಗಂಟೆಯವು 8 ಗಂಟೆ ಉಳಿಯಲಿ.

ನಿಮಗೆ ನಾವು ಹೇಳುವುದು ಗಡಿಯಾರದ ಬದಲು ಜಾಗ ನೋಡುವ ನಿಯಮ. ಸೂರು, ಬಾಗಿಲು, ಕಾವಲಿಗೆ ಬೇರೆ ಜನ, ಈ ಮೂರೂ ಇರುವ ಕಡೆ ಮಾತ್ರ ಲಾಂಗ್ ರೆಸ್ಟ್: ಹಳ್ಳಿ, ಛತ್ರ, ಕೋಟೆ. ಕಾಡಲ್ಲಿ ಕಳೆದ ರಾತ್ರಿ ಶಾರ್ಟ್ ರೆಸ್ಟ್‌ಗೆ ಸಮ. ಹಗಲಿನ ಶಾರ್ಟ್ ರೆಸ್ಟ್ ಅನ್ನು 10 ನಿಮಿಷಕ್ಕೆ ಇಳಿಸಿ, ಆದರೆ ರಾತ್ರಿಯದ್ದೂ ಸೇರಿ ಎರಡು ಲಾಂಗ್ ರೆಸ್ಟ್‌ಗಳ ನಡುವೆ ಎರಡೇ ಸಲ. ಮಿತಿ ಹಾಕದಿದ್ದರೆ ಬಾಗಿಲಿಗೊಂದು ಶಾರ್ಟ್ ರೆಸ್ಟ್ ಕೇಳಿ ವಾರ್ಲಾಕ್ ವಿಜರ್ಡ್‌ನನ್ನೂ ಮೀರಿಸುತ್ತಾನೆ. ಲಿಯೋಮಂಡ್ಸ್ ಟೈನಿ ಹಟ್ ಎಂಬ, ಮಾಯೆಯ ಗುಮ್ಮಟ ಎಬ್ಬಿಸುವ ಸ್ಪೆಲ್‌ನ ತೀರ್ಪನ್ನೂ ಮೊದಲೇ ಕೊಟ್ಟುಬಿಡಿ. ಸ್ಲಾಟ್ ಖರ್ಚಿಲ್ಲದೆ ರಿಚುಯಲ್ ಆಗಿ ಹಾಕಿ 8 ಗಂಟೆ ಗುಮ್ಮಟದೊಳಗೆ ಮಲಗಬಹುದು. "ಇದೂ ಸೂರೇ ತಾನೆ" ಎಂಬ ವಾದ ಬಂದೇ ಬರುತ್ತದೆ. ಗುಮ್ಮಟ ಜೀವ ಕಾಯುತ್ತದೆ, ಸ್ಲಾಟ್ ತುಂಬುವುದಿಲ್ಲ ಎಂದು ಬರೆದಿಡಿ.

ಪ್ರಶ್ನೆ: ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ದಾಳ ಹಾಕಿ ಅಂಕ ತೆಗೆದೆವು. ಒಬ್ಬಳಿಗೆ 18, 16, 16. ಇನ್ನೊಬ್ಬನಿಗೆ 13ರ ಮೇಲೆ ಒಂದೂ ಇಲ್ಲ. ಪಾಯಿಂಟ್ ಬೈಗೆ (ಎಲ್ಲರಿಗೂ ಸಮ ಪಾಯಿಂಟ್ ಕೊಟ್ಟು ಅಂಕ ಕೊಳ್ಳುವುದಕ್ಕೆ) ಹೋಗೋಣ ಅಂದರೆ ದಾಳದ ಮಜಾ ಬಿಡಲು ಯಾರೂ ಒಪ್ಪುತ್ತಿಲ್ಲ. (ಮೈಸೂರಿನ ಗುಂಪು)

ಉತ್ತರ: ಆರು ಮುಖದ ನಾಲ್ಕು ದಾಳ ಹಾಕಿ ಚಿಕ್ಕದನ್ನು ಬಿಡುವ ಪದ್ಧತಿಯಲ್ಲಿ ಸರಾಸರಿ 12.24. ಪುಸ್ತಕದ ಸಿದ್ಧ ಪಟ್ಟಿ 15, 14, 13, 12, 10, 8ರ ಸರಾಸರಿ 12. ಸರಾಸರಿಯಲ್ಲಿ ಜಗಳವೇ ಇಲ್ಲ, ಜಗಳ ಹುಟ್ಟುವುದು ಹರವಿನಲ್ಲಿ. ಐದು ಜನ ಆರಾರು ಸಲ ಹಾಕಿದರೆ ಯಾರಿಗಾದರೂ ಒಂದು 18 ಬೀಳುವ ಸಾಧ್ಯತೆ ಶೇ 39ರ ಹತ್ತಿರ. ಬಿದ್ದವರು ಆಟ ಮುಗಿಯುವ ತನಕ ಅದನ್ನೇ ಉಣ್ಣುತ್ತಾರೆ.

ಎಲ್ಲರೂ ಸೇರಿ ಒಂದೇ ಪಟ್ಟಿ ಮಾಡಿ. ಮೇಜಿನ ಸುತ್ತ ಸರದಿಯಂತೆ ಒಬ್ಬೊಬ್ಬರು ಒಂದು ಅಂಕ ಹಾಕಲಿ. ಆರು ಅಂಕ ಆದ ಮೇಲೆ ಆ ಆರನ್ನೇ ಎಲ್ಲರೂ ತಮಗೆ ಬೇಕಾದ ಹಾಗೆ ಹಂಚಿಕೊಳ್ಳಲಿ. 18 ಬಿದ್ದರೆ ಎಲ್ಲರಿಗೂ 18, 6 ಬಿದ್ದರೆ ಎಲ್ಲರಿಗೂ 6. ದಾಳ ಕೈಯಲ್ಲಿ ಕುಲುಕುವ ಖುಷಿ ಹಾಗೇ ಉಳಿಯುತ್ತದೆ, ಹೊಟ್ಟೆಕಿಚ್ಚಿಗೆ ಜಾಗ ಇಲ್ಲ. ಪಟ್ಟಿ ತೀರಾ ಬಡವಾದರೆ ಮೂರನೇ ಆವೃತ್ತಿಯ ಹಳೇ ನಿಯಮ ಹಿಡಿಯಿರಿ: ಅತಿ ದೊಡ್ಡ ಅಂಕ 13 ಅಥವಾ ಕಡಿಮೆ ಇದ್ದರೆ, ಇಲ್ಲವೇ ಎಲ್ಲ ಮಾಡಿಫೈಯರ್ (ಅಂಕದಿಂದ ಎಸೆತಕ್ಕೆ ಸಿಗುವ ಕೂಡು-ಕಳೆ) ಕೂಡಿದರೆ ಸೊನ್ನೆ ದಾಟದಿದ್ದರೆ, ಪಟ್ಟಿ ಪೂರ್ತಿ ಹರಿದು ಹೊಸದಾಗಿ ಹಾಕುವುದು. ನಿಮ್ಮ 13ರ ಹುಡುಗನಿಗೂ ಇದೇ ನ್ಯಾಯ, ಇವತ್ತೇ ಮರಳಿ ಹಾಕಲಿ.

ಪ್ರಶ್ನೆ: ದಾಳಿಗೆ ಹಾಕುವ 20 ಮುಖದ ದಾಳದಲ್ಲಿ 1 ಬಿದ್ದರೆ ಕತ್ತಿ ಮುರಿಯುತ್ತೆ ಅಂತ ನಮ್ಮ ನಿಯಮ. ಫೈಟರ್ ಆಡುವವನು ಮುನಿಸಿಕೊಂಡಿದ್ದಾನೆ. (ಧಾರವಾಡದ ಓದುಗರು)

ಉತ್ತರ: ಮುನಿಸು ನ್ಯಾಯವಾದದ್ದು. 1ನೇ ಲೆವೆಲ್ಲಿನಲ್ಲಿ ಒಂದು ಏಟಿಗೆ ಶೇ 5 ಅಪಾಯ. 11ನೇ ಲೆವೆಲ್ಲಿನ ಫೈಟರ್ ಒಂದೇ ಸರದಿಯಲ್ಲಿ ಮೂರು ಏಟು ಹೊಡೆಯುತ್ತಾನೆ, ಅಪಾಯ ಶೇ 14. ಆ್ಯಕ್ಷನ್ ಸರ್ಜ್ ಸೇರಿಸಿ ಆರು ಏಟಾದರೆ ಶೇ 26. ಅಂದರೆ ಪಳಗಿದಷ್ಟೂ ಕತ್ತಿ ಮುರಿದುಕೊಳ್ಳುವ ವೀರ! ಪಕ್ಕದಲ್ಲಿ ಫೈರ್‌ಬಾಲ್ ಹಾಕುವವನು ದಾಳಿಯ ದಾಳವನ್ನೇ ಮುಟ್ಟುವುದಿಲ್ಲ, ಅವನಿಗೆ ಅಪಾಯ ಸೊನ್ನೆ. ಈ ನಿಯಮ ಕಿತ್ತುಹಾಕಿ.

ಪ್ರಶ್ನೆ: ಹಿಟ್ ಪಾಯಿಂಟ್ (ಜೀವಬಲ) ಸೊನ್ನೆಗೆ ಬಿದ್ದವರನ್ನು ಕ್ಲೆರಿಕ್ (ಪೂಜಾರಿ) ಹೀಲಿಂಗ್ ವರ್ಡ್ ಎಂಬ ವಾಸಿಮಾಡುವ ಸ್ಪೆಲ್ ಹಾಕಿ ಎಬ್ಬಿಸುತ್ತಾಳೆ, ಮತ್ತೆ ಬೀಳುತ್ತಾರೆ, ಮತ್ತೆ ಏಳುತ್ತಾರೆ. ಸಾವಿನ ಭಯವೇ ಇಲ್ಲ. ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಷನ್ (ದಣಿವು) ಕೊಟ್ಟರೆ? (ಬೆಂಗಳೂರಿನ ಡಿಎಂ)

ಉತ್ತರ: ಬಹಳ ಗುಂಪುಗಳು ಮೊದಲು ಕೈಹಾಕುವುದು ಇದಕ್ಕೇ, ಸುಟ್ಟುಕೊಳ್ಳುವುದೂ ಇಲ್ಲೇ. 2014ರ ಪ್ರಕಾರ ಮೂರನೇ ಹಂತಕ್ಕೆ ದಾಳಿಗೂ ಸೇವಿಂಗ್ ಥ್ರೋಗೂ (ಅಪಾಯದಿಂದ ಪಾರಾಗುವ ಎಸೆತಕ್ಕೂ) ಡಿಸ್ಅಡ್ವಾಂಟೇಜ್ (ಎರಡು ಸಲ ಹಾಕಿ ಚಿಕ್ಕದನ್ನೇ ಹಿಡಿಯುವುದು), ಆರಕ್ಕೆ ಸಾವು. ಲಾಂಗ್ ರೆಸ್ಟ್‌ಗೆ ಇಳಿಯುವುದು ಒಂದೇ ಹಂತ. 2024ರಲ್ಲಿ ಹಂತಕ್ಕೆ 2ರಂತೆ ಎಲ್ಲ ಡಿ20 (20 ಮುಖದ ದಾಳದ) ಎಸೆತದಲ್ಲೂ ಕಡಿತ. ಎರಡರಲ್ಲೂ ಮುಂದೆ ನಿಂತು ಏಟು ತಿನ್ನುವವನೇ ಬೀಳುವುದು. ಬಿದ್ದವನು ಸೋಲುತ್ತಾನೆ, ಸೋತದ್ದರಿಂದ ಮತ್ತೆ ಬೀಳುತ್ತಾನೆ.

ಕಾಯಿಲೆಯ ಬೇರು ಬೇರೆ ಕಡೆ ಇದೆ. ಬಿದ್ದವನು ಜೀವಕ್ಕಾಗಿ ಹಾಕುವ ಎಸೆತವೇ ಡೆತ್ ಸೇವ್, ಮೂರು ಸೋಲಿಗೆ ಸಾವು. ಆದರೆ ಒಂದು ಹಿಟ್ ಪಾಯಿಂಟ್ ಬಂದ ಕೂಡಲೇ ಡೆತ್ ಸೇವ್‌ನ ಸೋಲುಗಳು ಅಳಿಸಿಹೋಗುತ್ತವೆ. ಅದನ್ನು ನಿಲ್ಲಿಸಿ. ಸೋಲಿನ ಗುರುತು ಲಾಂಗ್ ರೆಸ್ಟ್ ತನಕ ಉಳಿಯಲಿ, ಗೆಲುವಿನದ್ದು ಮಾತ್ರ ಅಳಿಯಲಿ. ಆಗ ಎದ್ದವನ ಕತ್ತಿ ಮೊದಲಿನ ಹಾಗೇ ಹರಿತ, ಎದೆಯಲ್ಲಿ ಮಾತ್ರ ಢವಢವ. ಡಿಎಂ ಆಗಿ ನೀವು ಎಚ್ಚರ ವಹಿಸಬೇಕಾದ್ದು ಒಂದಿದೆ. ಪ್ರಜ್ಞೆ ತಪ್ಪಿದವನಿಗೆ 5 ಅಡಿಯೊಳಗಿಂದ ತಗುಲಿದ ಏಟು ತಾನಾಗಿಯೇ ಕ್ರಿಟಿಕಲ್, ಅಂದರೆ ಒಂದೇ ಸಲಕ್ಕೆ ಎರಡು ಸೋಲು. ಹಳೆಯದೊಂದು ಗುರುತಿದ್ದವನನ್ನು ತೋಳ ಕಚ್ಚಿದರೆ ಅಲ್ಲಿಗೆ ಮುಗಿಯಿತು. ಬಿದ್ದವರ ಮೇಲೆ ಪ್ರಾಣಿಗಳು ಎರಗುತ್ತವೆಯೇ ಇಲ್ಲವೇ ಎನ್ನುವುದನ್ನು ಆಟಕ್ಕೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಯಾರು ಎಷ್ಟು ಸ್ಲಾಟ್ ಬಳಸಿದರು ಅನ್ನೋದೇ ಮರೆತುಹೋಗುತ್ತೆ. ಕ್ಯಾರೆಕ್ಟರ್ ಶೀಟ್ ಅಳಿಸಿ ಅಳಿಸಿ ತೂತಾಗಿದೆ. (ಉಡುಪಿಯ ಓದುಗರು)

ಉತ್ತರ: ಪೆನ್ಸಿಲ್ ಬಿಡಿ, ಹುಣಸೆಬೀಜ ತನ್ನಿ. ಅಂಗೈಯಗಲದ ರಟ್ಟಿನ ಮೇಲೆ ಹಂತಕ್ಕೊಂದು ಮನೆ ಗೀಚಿ, ನಮ್ಮ ವಿಜರ್ಡ್‌ಗಾದರೆ 4, 3, 2 ಬೀಜ ಇಡಿ. ಸ್ಪೆಲ್ ಹಾಕಿದರೆ ಬೀಜ ಎತ್ತಿ ಮೇಜಿನ ನಡುವಿನ ಬಟ್ಟಲಿಗೆ. ಟಣ್ ಎಂದ ಸದ್ದು ಎಲ್ಲರಿಗೂ ಕೇಳುತ್ತದೆ, ವಾದಕ್ಕೆ ಎಡೆಯಿಲ್ಲ. ಶಾರ್ಟ್ ರೆಸ್ಟ್‌ಗೆ ಮರಳುವ ಶಕ್ತಿಗಳಿಗೆ ಕವಡೆ ಇಟ್ಟರೆ, ರೆಸ್ಟ್ ಆದಾಗ "ಕವಡೆ ವಾಪಸ್" ಅಂದರೆ ಸಾಕು.

ಕಾನ್ಸಂಟ್ರೇಷನ್‌ಗೆ (ಗಮನ ಇಟ್ಟು ಹಿಡಿದಿಡಬೇಕಾದ ಸ್ಪೆಲ್‌ಗೆ) ಪಾತ್ರದ ಗೊಂಬೆಯ ಸುತ್ತ ಒಂದು ಗಾಜಿನ ಬಳೆ ಇಡಿ. ಒಬ್ಬರಿಗೆ ಒಂದೇ ಬಳೆ, ಅಂಥ ಎರಡನೇ ಸ್ಪೆಲ್ ಹಾಕಿದರೆ ಮೊದಲಿನದರ ಬಳೆ ತೆಗೆಯಲೇಬೇಕು. ಏಟು ಬಿದ್ದಾಗ ಬಳೆ ಕಣ್ಣಿಗೆ ಬೀಳುವುದರಿಂದ ಸೇವ್ ಮರೆಯುವುದಿಲ್ಲ: ಡಿಸಿ (ಮುಟ್ಟಬೇಕಾದ ಅಂಕ) 10 ಅಥವಾ ತಿಂದ ಏಟಿನ ಅರ್ಧ, ಯಾವುದು ಹೆಚ್ಚೋ ಅದು. 28ರ ಏಟಿಗೆ 14.

ಪ್ರಶ್ನೆ: ಆಟ ಅರ್ಧ ನಡೆದಿದೆ. ಈಗ ನಿಯಮ ಬದಲಿಸಿದರೆ ಮೋಸವಾಗುವುದಿಲ್ಲವೇ? (ಮೇಲಿನ ಮೈಸೂರಿನ ಗುಂಪೇ)

ಉತ್ತರ: ಒಬ್ಬರ ಪಾತ್ರ ಆ ನಿಯಮದ ಮೇಲೇ ನಿಂತಿದ್ದರೆ ಆಗುತ್ತದೆ. ಮದ್ದಿನ ಉದಾಹರಣೆ ತೆಗೆದುಕೊಳ್ಳಿ. ಪೋಷನ್ ಕುಡಿಯುವುದನ್ನು ಬೋನಸ್ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗಿನ ಚಿಕ್ಕ ಕೆಲಸ) ಮಾಡುವುದು ಎಷ್ಟೋ ಮನೆಗಳ ನಿಯಮವಾಗಿತ್ತು, 2024ರಲ್ಲಿ ಪುಸ್ತಕಕ್ಕೇ ಸೇರಿತು. ಬೋನಸ್ ಆ್ಯಕ್ಷನ್ ಖಾಲಿ ಇರುವ ವಿಜರ್ಡ್‌ಗೆ ಇದು ಪೂರಾ ಲಾಭ, ಕನ್ನಿಂಗ್ ಆ್ಯಕ್ಷನ್‌ಗೆ (ಚುರುಕಾಗಿ ಓಡಿ, ಅಡಗುವ ಚಾಳಿಗೆ) ಅದನ್ನೇ ನೆಚ್ಚಿದ ಕಳ್ಳ ಪಾತ್ರ ರೋಗ್‌ಗೆ ಅರ್ಧ. ಹೊಸ ನಿಯಮವನ್ನು ಮೂರು ಆಟದ ಮಟ್ಟಿಗೆ ಎಂದು ಹೇಳಿಯೇ ತನ್ನಿ, ತಾರೀಕು ಹಾಕಿ ಒಂದೇ ಹಾಳೆಯಲ್ಲಿ ಬರೆಯಿರಿ. ಏಟು ತಿಂದ ಪಾತ್ರದವರಿಗೆ ಒಂದು ಸಲ ಸ್ಪೆಲ್, ಫೀಟ್ (ವಿಶೇಷ ಕೌಶಲ), ಬೇಕಾದರೆ ಕ್ಲಾಸ್ (ಫೈಟರ್, ವಿಜರ್ಡ್ ಎಂಬ ಬಗೆ) ಕೂಡ ಬದಲಿಸಲು ಬಿಡಿ. ಕಾಳಗದ ನಡುವೆ ಮಾತ್ರ ಯಾವ ನಿಯಮವನ್ನೂ ಬದಲಿಸಬೇಡಿ. ಆ ಹೊತ್ತಿನ ತೀರ್ಪು ಡಿಎಂ ಕೊಡಲಿ, ಚರ್ಚೆ ಚಹಾಕ್ಕೆ ಎದ್ದಾಗ.