ಓದುಗರ ಪ್ರಶ್ನೆಗೆ ಉತ್ತರ: ತಪ್ಪು ಸರ್ವರ್‌ನದ್ದಾ, ಸ್ಟ್ಯಾಂಡರ್ಡ್‌ನದ್ದಾ?

ಎಲ್‌ಡ್ಯಾಪ್ (ಸಂಸ್ಥೆಯ ಜನರ ಹೆಸರು, ವಿವರ ಇಟ್ಟಿರುವ ಡೈರೆಕ್ಟರಿಯಲ್ಲಿ ಹುಡುಕಲು ಕಂಪ್ಯೂಟರ್‌ಗಳು ಬಳಸುವ ಸ್ಟ್ಯಾಂಡರ್ಡ್) ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಥರ: ‘ಸ್ಟ್ಯಾಂಡರ್ಡೇ ಸರಿ ಇಲ್ಲ, ಅದನ್ನು ಬದಲಾಯಿಸುವುದು ಹೇಗೆ?’ ಹೀಗೆ ಕೇಳುವವರಲ್ಲಿ ಬಹಳ ಜನ ಆ ಪುಟಗಳನ್ನು ತೆರೆದೂ ನೋಡಿರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಈ ಸಲ ಒಬ್ಬರು ಉದಾಹರಣೆ ಸಮೇತ ಕೇಳಿದ್ದಾರೆ. ಹಾಗಾಗಿ ಜಾಗವೆಲ್ಲ ಅವರಿಗೇ. 

ಪ್ರಶ್ನೆ: ನಮ್ಮ ಕಾಲೇಜಿನ ಡೈರೆಕ್ಟರಿಯಲ್ಲಿ ಸಿಬ್ಬಂದಿಯ ಹೆಸರುಗಳನ್ನು ಕನ್ನಡದಲ್ಲೇ ಹಾಕಿದ್ದೇವೆ. ‘ರಾಜ್‌ಕುಮಾರ್’ ಎಂದು ಹುಡುಕಿದರೆ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ‘ಜ಼ರೀನಾ’ ಯಾವತ್ತೂ ಸಿಗುವುದಿಲ್ಲ. ಎಲ್‌ಡ್ಯಾಪ್‌ಗೆ ಕನ್ನಡ ಬರುವುದಿಲ್ಲ, ಸ್ಟ್ಯಾಂಡರ್ಡ್ ಬದಲಾಗಬೇಕು, ಅದಕ್ಕೆ ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಐಇಟಿಎಫ್‌ನ ಸದಸ್ಯತ್ವ ಬೇಕು ಎಂದು ನಮ್ಮ ಕನ್ಸಲ್ಟೆಂಟ್ ಹೇಳುತ್ತಾರೆ. ನಾವು ಏನು ಬರೆಯಬೇಕು?

ಮೊದಲು ಆ ಕನ್ಸಲ್ಟೆಂಟ್ ಮಾತನ್ನು ಪಕ್ಕಕ್ಕಿಡಿ. ಐಇಟಿಎಫ್‌ಗೆ ಸದಸ್ಯತ್ವವೇ ಇಲ್ಲ. ಡ್ರಾಫ್ಟ್ (ಸ್ಟ್ಯಾಂಡರ್ಡ್‌ನ ಕರಡು) ಓದಿ ಅಭಿಪ್ರಾಯ ಕಳಿಸಲು ಕಂಪನಿಯೂ ಬೇಡ, ಶುಲ್ಕವೂ ಬೇಡ. ಇಮೇಲ್ ಇದ್ದರೆ ಸಾಕು. ಎಲ್‌ಡ್ಯಾಪ್‌ಗೆ ಕನ್ನಡ ಬರುವುದಿಲ್ಲ ಅನ್ನುವುದೂ ಸುಳ್ಳು. 1997ರ ಮೂರನೇ ಆವೃತ್ತಿಯಿಂದಲೇ ಹೆಸರುಗಳು ಯುಟಿಎಫ್-8ರಲ್ಲಿ, ಅಂದರೆ ಕನ್ನಡವನ್ನೂ ಬರೆಯಬಲ್ಲ ಸಂಕೇತದಲ್ಲಿ, ಹೋಗುತ್ತಿವೆ.

ಇನ್ನು ನಿಮ್ಮ ಎರಡು ಹೆಸರುಗಳು. ಎರಡರದ್ದೂ ಒಂದೇ ಕಾಯಿಲೆ ಎಂದು ನೀವು ಅಂದುಕೊಂಡಿದ್ದೀರಿ. ಅಲ್ಲ. ಹುಡುಕುವಾಗ ಎರಡು ಹೆಸರು ಒಂದೇ ಹೌದಾ ಎಂದು ತೀರ್ಮಾನಿಸುವ ಮೊದಲು ಅಕ್ಷರಗಳನ್ನು ಹೇಗೆ ಹದಗೊಳಿಸಬೇಕು ಅನ್ನುವುದಕ್ಕೇ ಐಇಟಿಎಫ್‌ನ ಒಂದು ದಾಖಲೆ ಇದೆ (ಇಂಥ ದಾಖಲೆಗಳನ್ನು ಆರ್‌ಎಫ್‌ಸಿ ಅನ್ನುತ್ತಾರೆ): ಆರ್‌ಎಫ್‌ಸಿ 4518. 2006ರಲ್ಲಿ ಎಲ್‌ಡ್ಯಾಪ್ ದಾಖಲೆಗಳನ್ನೆಲ್ಲ ಪರಿಷ್ಕರಿಸಿ 4510ರಿಂದ 4519ರವರೆಗೆ ಹೊಸದಾಗಿ ತಂದರಲ್ಲ, ಅದರಲ್ಲಿ ಇದೂ ಒಂದು. ದೊಡ್ಡದೇನಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

‘ರಾಜ್‌ಕುಮಾರ್’ ಬರೆಯುವಾಗ ಜ್ ಕೆಳಗೆ ಕ ಒತ್ತಾಗಬಾರದು ಎಂದು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದೇ ಜೀರೋ ವಿಡ್ತ್ ನಾನ್ ಜಾಯ್ನರ್. ಅದನ್ನು ಬಿಟ್ಟು ಟೈಪ್ ಮಾಡಿದರೆ ‘ರಾಜ್ಕುಮಾರ್’ ಆಗುತ್ತದೆ. 4518ರ ಎರಡನೇ ಹೆಜ್ಜೆ ಮ್ಯಾಪಿಂಗ್. ಈ ಕಾಣದ ಅಕ್ಷರವನ್ನು ಅಲ್ಲಿ ಪೂರ್ತಿ ತೆಗೆದುಹಾಕಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಸ್ಟ್ಯಾಂಡರ್ಡ್ ಪ್ರಕಾರ ಈ ಎರಡೂ ಒಂದೇ ಹೆಸರು. ನಿಮ್ಮ ಸರ್ವರ್ ಬೇರೆ ಬೇರೆ ಅಂತಿದ್ದರೆ ತಪ್ಪು ಸರ್ವರ್‌ನದ್ದು. ದೂರು ಹೋಗಬೇಕಾದದ್ದು ವೆಂಡರ್‌ಗೆ. ಐಇಟಿಎಫ್‌ಗೆ ಬರೆದರೆ ನಿಮ್ಮದೂ ಅವರದೂ ಸಮಯ ಹಾಳು.

‘ಜ಼ರೀನಾ’ ಕಥೆ ಬೇರೆ. ಇಲ್ಲಿ ಜ ಕೆಳಗೆ ನುಕ್ತಾ, ಅಂದರೆ ಉಚ್ಚಾರಣೆಯ ವ್ಯತ್ಯಾಸ ತೋರಿಸುವ ಚುಕ್ಕೆ ಗುರುತು, ಇದೆ. ಕನ್ನಡದ ನುಕ್ತಾ, ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದು 4.0 ಆವೃತ್ತಿಯಲ್ಲಿ, 2003ರಲ್ಲಿ. ಆದರೆ 4518 ಕಟ್ಟಿಕೊಂಡಿರುವುದು ಯೂನಿಕೋಡ್ 3.2ರ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ನಿಷಿದ್ಧ. ನಿಷಿದ್ಧ ಅಕ್ಷರ ಸಿಕ್ಕ ಕೂಡಲೇ ಹೋಲಿಕೆಯ ಫಲಿತಾಂಶ ನಿಜವೂ ಅಲ್ಲ, ಸುಳ್ಳೂ ಅಲ್ಲ, ‘ಅನ್‌ಡಿಫೈನ್ಡ್’. ನಿಯಮವನ್ನು ಅಕ್ಷರಶಃ ಪಾಲಿಸುವ ಸರ್ವರ್‌ನಲ್ಲಿ ‘ಜ಼ರೀನಾ’ ಸಿಗದಿರುವುದೇ ನಿಯಮ. ದೇವನಾಗರಿಯ ನುಕ್ತಾ ಯೂನಿಕೋಡ್‌ನಲ್ಲಿ ಮೊದಲಿಂದಲೂ ಇದೆ. ಹಾಗಾಗಿ ಇದೇ ಹೆಸರನ್ನು ಹಿಂದಿಯಲ್ಲಿ ಬರೆದರೆ ಈ ತೊಂದರೆ ಬರುವುದಿಲ್ಲ. ಕನ್ನಡದವರಾಗಿ ನಮಗೆ ಇದು ನೋವಿನ ಸಂಗತಿಯೇ. ಇದಕ್ಕೆ ಬರೆಯಲೇಬೇಕು.

ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಸಿಎನ್ (ಡೈರೆಕ್ಟರಿಯಲ್ಲಿ ಹೆಸರು ಇಡುವ ಜಾಗ) ‘ಜ಼ರೀನಾ’ಗೆ ಸಮ ಎಂದು ಒಂದು ಫಿಲ್ಟರ್ (ಹುಡುಕುವ ಷರತ್ತು) ಕೊಡಿ. ಆಮೇಲೆ ಅದಕ್ಕೇ ‘ನಾಟ್’ (ಅಲ್ಲ) ಸೇರಿಸಿ ಇನ್ನೊಂದು ಕೊಡಿ. ಮೊದಲನೆಯದು ಬರೀ ಸುಳ್ಳಾಗಿದ್ದರೆ ಎರಡನೆಯದಕ್ಕೆ ಸಿಎನ್ ಇರುವವರೆಲ್ಲ ಬರಬೇಕು, ಅಲ್ವಾ? ಎರಡಕ್ಕೂ ಯಾರೂ ಬರದಿದ್ದರೆ ಉತ್ತರ ಅನ್‌ಡಿಫೈನ್ಡ್ ಎಂದು ಅರ್ಥ. ಅನ್‌ಡಿಫೈನ್ಡ್‌ಗೆ ನಾಟ್ ಹಾಕಿದರೂ ಅನ್‌ಡಿಫೈನ್ಡೇ. ಇದನ್ನು ಬೇರೆ ಬೇರೆಯವರು ಮಾಡಿದ ಎರಡು ಸರ್ವರ್‌ಗಳಲ್ಲಾದರೂ ನೋಡಿ, ಫಲಿತಾಂಶ ಬರೆದಿಟ್ಟುಕೊಳ್ಳಿ. ಎಲ್ಲ ಸರ್ವರ್‌ಗಳೂ ಇಲ್ಲಿ ಒಂದೇ ಥರ ನಡೆದುಕೊಳ್ಳುತ್ತವೆ ಎಂದು ನಾನಂತೂ ನಂಬುವುದಿಲ್ಲ.

ಈಗ ಎಲ್ಲಿಗೆ ಬರೆಯಬೇಕು ಅನ್ನುವುದು. ಪ್ರಕಟವಾದ ಆರ್‌ಎಫ್‌ಸಿಯನ್ನು ಯಾರೂ ತಿದ್ದುವುದಿಲ್ಲ, ಅದರ ಪಠ್ಯ ಹಾಗೇ ಇರುತ್ತದೆ. ‘ಎರಾಟಾ ಹಾಕಿಬಿಡಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪ್ರಕಟಿಸುವಾಗ ಹೇಳಬೇಕೆಂದದ್ದು ಒಂದು, ಅಚ್ಚಾದದ್ದು ಇನ್ನೊಂದು ಆಗಿದ್ದರೆ ಎರಾಟಾ. 3.2 ಅನ್ನುವುದು ಕೈತಪ್ಪಿ ಬಂದದ್ದಲ್ಲ, ಅಕ್ಷರಗಳನ್ನು ಹದಗೊಳಿಸುವ ಸಾಮಾನ್ಯ ನಿಯಮವಾದ ಸ್ಟ್ರಿಂಗ್‌ಪ್ರೆಪ್ ಅನ್ನುವ ಆರ್‌ಎಫ್‌ಸಿ 3454ರ ಪಟ್ಟಿಗಳ ಜೊತೆ ತಿಳಿದೇ ತಂದದ್ದು. ಇದನ್ನು ಬದಲಾಯಿಸಲು ಹೊಸ ಇಂಟರ್ನೆಟ್ ಡ್ರಾಫ್ಟ್ ಬೇಕು. ಡ್ರಾಫ್ಟ್‌ನ ಆಯಸ್ಸು ಆರು ತಿಂಗಳು. ಅಷ್ಟರಲ್ಲಿ ಹೊಸ ಪ್ರತಿ ಬರದಿದ್ದರೆ ಅವಧಿ ಮುಗಿಯಿತು. 2006ರ ಪರಿಷ್ಕರಣೆ ಮಾಡಿದ ಎಲ್‌ಡ್ಯಾಪ್‌ಬಿಸ್ ಗುಂಪು ಕೆಲಸ ಮುಗಿಸಿ ಮುಚ್ಚಿದೆ. ಹಾಗಾಗಿ ಐಇಟಿಎಫ್‌ನ ಒಂದು ವಿಭಾಗ ನೋಡಿಕೊಳ್ಳುವ ಏರಿಯಾ ಡೈರೆಕ್ಟರ್ ಒಬ್ಬರು ಡ್ರಾಫ್ಟನ್ನು ಕೈಗೆತ್ತಿಕೊಳ್ಳಬೇಕು, ಇಲ್ಲವೇ ಹೊಸ ಗುಂಪು ಆಗಬೇಕು. ಹೀಗೆ ಗುಂಪಿಲ್ಲದೆ ಬಂದ ಡ್ರಾಫ್ಟ್‌ಗೆ ಕೊನೆಯ ಕರೆ (ಎಲ್ಲರ ಅಭಿಪ್ರಾಯ ಕೇಳುವ ಕೊನೆಯ ಅವಧಿ) ಕನಿಷ್ಠ ನಾಲ್ಕು ವಾರ ತೆರೆದಿರುತ್ತದೆ. ಆಗ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು.

ನಿಮ್ಮ ಪರ ಒಂದು ಒಳ್ಳೆಯ ವಾದ ಇದೆ. 3454 ಈಗ ಚಾಲ್ತಿಯಲ್ಲಿಲ್ಲ. 2015ರಲ್ಲಿ ಪ್ರೆಸಿಸ್ ಅನ್ನುವ ಚೌಕಟ್ಟು, ಆರ್‌ಎಫ್‌ಸಿ 7564, ಅದರ ಜಾಗಕ್ಕೆ ಬಂತು. 2017ರಲ್ಲಿ 8264 ಅದನ್ನೂ ಬದಲಿಸಿತು. ಪ್ರೆಸಿಸ್ ಯೂನಿಕೋಡ್‌ನ ಯಾವ ಒಂದು ಆವೃತ್ತಿಗೂ ಕಟ್ಟುಬಿದ್ದಿಲ್ಲ, ಅಕ್ಷರದ ಗುಣ ನೋಡಿ ತೀರ್ಮಾನಿಸುತ್ತದೆ. ಎಲ್‌ಡ್ಯಾಪ್ ಮಾತ್ರ ಹಳೆಯ ಪಟ್ಟಿಯ ಮೇಲೇ ನಿಂತಿದೆ.

ಬರೆಯುವಾಗ ಸೆಕ್ಷನ್ ಸಂಖ್ಯೆ ಹಾಕಿ. ಈಗಿನ ವಾಕ್ಯ ಕೊಡಿ, ಅದರ ಕೆಳಗೆ ನಿಮಗೆ ಬೇಕಾದ ವಾಕ್ಯ ಕೊಡಿ, ಆಮೇಲೆ ಕಾರಣ. ‘ಕನ್ನಡಕ್ಕೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದರೆ ಓದುವವರಿಗೆ ಮಾಡಲು ಏನೂ ಇರುವುದಿಲ್ಲ. ಬದಲಾವಣೆಯಿಂದ ಆಗುವ ತೊಂದರೆಯನ್ನೂ ನೀವೇ ಮೊದಲು ಹೇಳಿ: ಹೋಲಿಕೆಯ ನಿಯಮ ಬದಲಾದರೆ, ಬೇಗ ಹುಡುಕಲೆಂದು ಸರ್ವರ್ ಇಟ್ಟುಕೊಂಡ ಹಳೆಯ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕು. ಹೊಸ ಸರ್ವರ್, ಹಳೆಯ ಸರ್ವರ್ ಒಂದೇ ಪ್ರಶ್ನೆಗೆ ಬೇರೆ ಉತ್ತರ ಕೊಡಬಹುದು. ಅನುಭವ ಇರುವ ವಿಮರ್ಶಕರು ಮೊದಲು ಕೇಳುವುದೇ ಇದನ್ನು.

ಇನ್ನೊಂದು ಮಾತು, ದಯವಿಟ್ಟು ಕೇಳಿ. ‘ಜ, ಜ಼ ಎರಡೂ ಒಂದೇ ಎಂದು ಮಾಡಿ’ ಎಂದು ಕೇಳಬೇಡಿ. ಕೆಲವರಿಗೆ ಅದು ಅನುಕೂಲ, ಇನ್ನು ಕೆಲವರ ಹೆಸರು ಅದರಿಂದ ಕೆಡುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಅಂದಾಜು ಹೋಲಿಕೆಗೆ ಬೇರೆ ಫಿಲ್ಟರ್ ಇದೆ, ಅದರ ವರ್ತನೆಯನ್ನು ಆಯಾ ಸರ್ವರ್‌ಗೇ ಬಿಟ್ಟಿದ್ದಾರೆ. ಸಡಿಲ ಹುಡುಕಾಟ ಅಲ್ಲಿರಲಿ.

ಇದೆಲ್ಲ ಆಗಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ನುಕ್ತಾ ಬಿಟ್ಟ ರೂಪವನ್ನೂ ಸಿಎನ್‌ಗೆ ಸೇರಿಸಿ, ಒಂದೇ ಸಿಎನ್‌ಗೆ ಹಲವು ವ್ಯಾಲ್ಯೂ ಇರಬಹುದು. ತೋರಿಸುವ ಹೆಸರಿನಲ್ಲಿ ಮಾತ್ರ ಅವರು ಬರೆದ ನುಕ್ತಾ ಹಾಗೇ ಇರಲಿ. ಅದು ಅವರ ಹೆಸರು.

ಪ್ರಶ್ನೆ: ವೆಂಡರ್ ‘ಎಲ್‌ಡ್ಯಾಪ್ ವರ್ಷನ್ 3, ಆರ್‌ಎಫ್‌ಸಿ 2251 ಪ್ರಕಾರ’ ಎಂದು ಬರೆದುಕೊಟ್ಟಿದ್ದಾರೆ. ಸಾಕಲ್ವಾ?

ಸಾಲದು. 2251 ಬಂದದ್ದು 1997ರಲ್ಲಿ. ತೃಪ್ತಿಕರವಾದ ಕಡ್ಡಾಯ ದೃಢೀಕರಣ ಇಲ್ಲದ ಕಾರಣ, ಅದು ಬರುವವರೆಗೆ ಡೈರೆಕ್ಟರಿಯ ಮಾಹಿತಿ ತಿದ್ದುವ ಸೌಲಭ್ಯವನ್ನು ಬಳಕೆಗೆ ತರಬೇಡಿ ಎಂಬ ಎಚ್ಚರಿಕೆ ಅದರ ಶುರುವಿನಲ್ಲೇ ಇದೆ. 2006ರಲ್ಲಿ ನಿಯಮಗಳು ಬದಲಾದರೂ ಸಂಖ್ಯೆ 3ರಲ್ಲೇ ಉಳಿಯಿತು. 4510 ಸರಣಿಯ ಪ್ರಕಾರ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಐಇಟಿಎಫ್ ಪ್ರಮಾಣಪತ್ರ ಇರುವ ಎಲ್‌ಡ್ಯಾಪ್ ಸರ್ವರ್ ಯಾವುದು?

ಯಾವುದೂ ಇಲ್ಲ. ಐಇಟಿಎಫ್ ಸಾಫ್ಟ್‌ವೇರ್‌ಗೆ ಪ್ರಮಾಣಪತ್ರ ಕೊಡುವುದೇ ಇಲ್ಲ. ಅಂಥದ್ದನ್ನು ತೋರಿಸಿ ಮಾರುವವರನ್ನು ಬಾಗಿಲಿಂದಲೇ ಕಳಿಸಿ.

ಪ್ರಶ್ನೆ: ಡ್ರಾಫ್ಟ್‌ನ ಸಾರಾಂಶ ಓದಿ ಅಭಿಪ್ರಾಯ ಕಳಿಸಬಹುದಾ?

ಬೇಡ.

ಪ್ರಶ್ನೆ: ಪಾಸ್‌ವರ್ಡ್ ಖಾಲಿ ಬಿಟ್ಟರೂ ನಮ್ಮ ಆಪ್ ಒಳಗೆ ಬಿಡುತ್ತದೆ. ಸರ್ವರ್ ‘ಸಕ್ಸೆಸ್’ ಅನ್ನುತ್ತಿದೆ. ಇದನ್ನು ಸ್ಟ್ಯಾಂಡರ್ಡ್‌ನಲ್ಲಿ ಸರಿಪಡಿಸಬಾರದಾ?

ಸರಿಪಡಿಸಿ ಎಷ್ಟೋ ವರ್ಷ ಆಯಿತು. 4513ರ ಸೆಕ್ಷನ್ 5.1.2 ಓದಿ. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ ಅದು ಅನಾಮಧೇಯ ಪ್ರವೇಶ ಅಷ್ಟೇ, ಯಾರೂ ಲಾಗಿನ್ ಆಗಿರುವುದಿಲ್ಲ. ಸರ್ವರ್ ಇದನ್ನು ತಾನಾಗಿಯೇ ಕೋಡ್ 53 ಕೊಟ್ಟು ನಿರಾಕರಿಸಬೇಕು, ಆಪ್ ಖಾಲಿ ಪಾಸ್‌ವರ್ಡ್ ತೆಗೆದುಕೊಳ್ಳಬಾರದು ಎಂದು ಅಲ್ಲಿದೆ. ಎರಡೂ ಕಡೆ ‘ಶುಡ್’ ಎಂದಿದೆ, ‘ಮಸ್ಟ್’ ಎಂದಿಲ್ಲ. ಅದನ್ನೇ ನೆಪ ಮಾಡಿಕೊಂಡು ಬಿಟ್ಟವರಿದ್ದಾರೆ. ಬಲವಾದ ಕಾರಣ ಇಲ್ಲದೆ ಶುಡ್ ಮೀರುವ ಹಾಗಿಲ್ಲ. ಸ್ಟ್ಯಾಂಡರ್ಡ್ ವಿಚಾರ ಆಮೇಲೆ, ಆ ಆಪನ್ನು ಇವತ್ತೇ ನಿಲ್ಲಿಸಿ.